ಭಂಡಾರ ಹಿಡಿದ ಕೈಗಳು

“ಜೋಳದ ಚೀಲಾ ಇಳಿಸ್ರಿ, ಈ ಚೀಲಾ ಹತ್ತಸ್ರಿ,” ಎಂದ ಗೋವಿಂದರಾಜ.

ಮ್ಯಾನೇಜರನ ಮಾತಿಗೆ ಹಮಾಲರಿಬ್ಬರು ನಕ್ಕರು. ಹುಲಗೆಮ್ಮ ನಗಲಿಲ್ಲ. ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಚೀಲ ತೂಗುವ ಕಬ್ಬಿಣದ ಕಾಟಾದ ಮೇಲೆ ನಿಂತಳು. ಅದರ ಮೇಲೆ ಬಿದ್ದಿದ್ದ ಜೋಳದ ನುಚ್ಚು ಅಂಗಾಲಿಗೆ ಚುಚ್ಚಿತು.

“ಎಂಬತ್ತೊಂಬತ್ತು,” ಎಂದು ಗೋವಿಂದರಾಜ ಪ್ಯಾಕಿಂಗ್ ಹಾಲಿನ ಆ ತುದಿಗೂ ಕೇಳುವಂತೆ ಓದಿದ. “ಯಪ್ಪಾ, ಇಕಿನ್ನ ಬೀಸಿದ್ರ ಎರಡ ದಿನ ಮಷಿನ್ ನಡೀತೈತಿ.”

“ನಿನ್ನ ಬೀಸಿದ್ರ ಬರೇ ಗಾಳಿ ಬರತೈತಿ, ಭಾಡ್ಯಾ,” ಎಂದಳು ಸಾಲಿನಲ್ಲಿ ಹಿಂದೆ ನಿಂತಿದ್ದ ತಾಜಬೀ, ಅವನಿಗೆ ಕೇಳಿಸದಷ್ಟು ಸಣ್ಣಗೆ.

ಮನುಷ್ಯರನ್ನು ತೂಗುವ ಕಾಟಾ ಕಾರ್ಖಾನೆಯಲ್ಲಿ ಇರಲಿಲ್ಲ. ಕುಷ್ಟಗಿ ದಾಟಿದ ಮೇಲೆ ಹೆದ್ದಾರಿಗೆ ಅಂಟಿಕೊಂಡಿರುವ ಈ ಕಾರ್ಖಾನೆ ‘ಜಿಗಿಜಿಗಿ’ ಎಂಬ ಕುರುಕಲು ತಿಂಡಿ ಮಾಡುತ್ತದೆ. ಗೋವಿನಜೋಳದ ನುಚ್ಚನ್ನು ಮಷಿನ್ನು ಉಬ್ಬಿಸಿ ಕಡ್ಡಿ ಮಾಡುತ್ತದೆ. ಅದಕ್ಕೆ ಪಾಮ್ ಎಣ್ಣೆ, ಉಪ್ಪು, ಸಕ್ಕರೆ, ಕಿತ್ತಳೆ ಬಣ್ಣದ ಮಸಾಲೆ ಮೆತ್ತಿಕೊಳ್ಳುತ್ತದೆ. ಪಾಕೀಟಿನ ಮುಕ್ಕಾಲು ಭಾಗ ಊದಿದ ಗ್ಯಾಸು. ಮೇಲೆ ತೆಳ್ಳಗಿನ ಹುಡುಗನೊಬ್ಬ ಆಕಾಶಕ್ಕೆ ಜಿಗಿಯುವ ಚಿತ್ರ. ಮಷಿನ್ನಿನಿಂದ ಬೆಲ್ಟಿನ ಮೇಲೆ ಬೀಳುವ ಪಾಕೀಟುಗಳನ್ನು ಹೆಂಗಸರು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಾರೆ. ಚೀಲಗಳು ವ್ಯಾನಿನಲ್ಲಿ ಕನಕಗಿರಿಗೆ, ಹುಲಿಹೈದರಕ್ಕೆ, ಇಟಗಿಗೆ ಹೋಗಿ ಶಾಲೆಯ ಎದುರಿನ ಅಂಗಡಿಗಳಲ್ಲಿ ತೋರಣದ ಹಾಗೆ ನೇತಾಡುತ್ತವೆ.

ಇವತ್ತು ಕಾರ್ಖಾನೆಯಲ್ಲಿ ಆರೋಗ್ಯ ಶಿಬಿರ. ಪ್ಯಾಕಿಂಗ್ ಹಾಲಿನ ಗೋಡೆಗೆ ಬ್ಯಾನರ್ ಕಟ್ಟಿದ್ದರು: ‘ತೂಕ ಇಳಿಸೋಣ, ಬದುಕು ಬೆಳೆಸೋಣ’. ಅದರ ಮೂಲೆಯಲ್ಲೂ ಅದೇ ಹುಡುಗ ಜಿಗಿಯುತ್ತಿದ್ದ.

“ಕೇಳ್ರಿ ಎಲ್ಲಾರೂ,” ಎಂದ ಗೋವಿಂದರಾಜ. “ಕಾಟಾದಾಗ ಜಾಸ್ತಿ ಬಂದವರು ಯುಗಾದಿ ಒಳಗ ಇಳೀಬೇಕು. ಇಳೀಲಿಲ್ಲಂದ್ರ ಬೆಲ್ಟಿಗೆ ಬರೂದು ಬ್ಯಾಡ. ಸಾವ್ಕಾರ್ರ ಮಾತದು. ಡುಮ್ಮ ಮಂದಿ ಕೈ ಸಾವಕಾಶ ಆಡತಾವು.” ಅವನು ಹುಲಗೆಮ್ಮನ ಕಡೆ ತಿರುಗಿದ. “ನಿನಗ ಬ್ಯಾರೆ ಹೇಳಬೇಕಿಲ್ಲ. ನೀನಾ ಮೊದಲನೇಕಿ.”

ಹುಲಗೆಮ್ಮ ಕಾಟಾದಿಂದ ಇಳಿದಳು. ಇಲ್ಲಿಗೆ ಬರುವ ಮುಂಚೆ ಆಕೆ ಹೈಬ್ರಿಡ್ ಬೀಜದ ಪ್ಲಾಟಿನಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸ ಮಾಡುತ್ತಿದ್ದಳು. ಆಗ ಆಕೆಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಪ್ಲಾಟಿನವರು ಈಗ ಕರೆಯುವುದಿಲ್ಲ, ಕೇರಿಯ ಸಣ್ಣ ಹುಡುಗಿಯರೇ ಸಾಕು ಅವರಿಗೆ. ಗಂಡ ಸತ್ತ ಮೇಲೆ ಆಕೆಗೂ ಮಗಳು ಗೀತಾಳಿಗೂ ಇರುವುದು ಈ ಬೆಲ್ಟು ಒಂದೇ.

ಬಳೆಗಳು ಮಣಿಕಟ್ಟಿನಲ್ಲೇ ನಿಲ್ಲತೊಡಗಿದ್ದು ಕಾರ್ಖಾನೆಗೆ ಬಂದ ಮೇಲೆ. ಹೊರಗಿನ ಆಹಾರ ಒಳಗೆ ತರುವಂತಿಲ್ಲ ಎಂದು ಗೇಟಿನಲ್ಲಿ ಬೋರ್ಡಿದೆ. ಸ್ವಚ್ಛತೆಯ ನಿಯಮ. ರೊಟ್ಟಿಯ ಗಂಟನ್ನು ವಾಚಮನ್ ಕಸಿದು ಕಟ್ಟೆಯ ಮೇಲಿಡುತ್ತಾನೆ. ಮಧ್ಯಾಹ್ನ ಬೆಲ್ಟು ನಿಲ್ಲುವಷ್ಟು ಹೊತ್ತಿನಲ್ಲಿ ಗೇಟಿಗೆ ಹೋಗಿ ತಿಂದು ಬರಲು ಆಗುವುದಿಲ್ಲ. ತಡವಾಗಿ ಬಂದವರಿಗೆ ಅರ್ಧ ದಿನದ ಗೈರು. ಕ್ಯಾಂಟೀನ್ ಎಂದು ಬರೆದ ಕೋಣೆಯಲ್ಲಿ ಎಣ್ಣೆಯ ಡಬ್ಬಿಗಳಿವೆ. ಅದಕ್ಕೇ ಗೋವಿಂದರಾಜ ಮುರಿದ ಕಡ್ಡಿಗಳನ್ನು ಬುಟ್ಟಿಯಲ್ಲಿ ತಂದು ನಡುವೆ ಸುರಿಯುತ್ತಿದ್ದ. ಅದಕ್ಕೆ ಚೂರಾ ಎನ್ನುತ್ತಾರೆ. “ತಿನ್ರವ್ವಾ, ಪುಕ್ಕಟ,” ಎನ್ನುತ್ತಿದ್ದ. ಉಳಿದದ್ದನ್ನು ಹೆಂಗಸರು ಸೆರಗಿಗೆ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದರು. ಮಕ್ಕಳು ಓಣಿಯ ತುದಿಗೇ ಓಡಿ ಬರುತ್ತಿದ್ದವು.

ಗೀತಾ ಈಗ ಐದನೆಯ ತರಗತಿ. ಕುರ್ಚಿಯಿಂದ ಏಳುವಾಗ ಕೈ ಊರುತ್ತಾಳೆ. ಶಾಲೆಯಲ್ಲಿ ಅವಳಿಗೆ ಡ್ರಮ್ಮು ಎಂದು ಹೆಸರು. ಹೋದ ವರ್ಷ ಅವಳ ಕುತ್ತಿಗೆಯ ಸುತ್ತ ಕಪ್ಪು ಪಟ್ಟಿ ಕಾಣಿಸಿಕೊಂಡಿತು. ಹೊಲಸು ಕೂತಿದೆ ಎಂದು ತಿಳಿದ ಹುಲಗೆಮ್ಮ ಪ್ರತಿ ಭಾನುವಾರ ಕಲ್ಲು ಹಾಕಿ ತಿಕ್ಕಿದಳು. ಮಗಳು ಅತ್ತಳು, ಚರ್ಮ ಕಿತ್ತು ಬಂತು, ಕಪ್ಪು ಹೋಗಲಿಲ್ಲ. ಕಡೆಗೆ ದವಾಖಾನೆಯ ಡಾಕ್ಟರು ಕುತ್ತಿಗೆ ನೋಡಿ, “ಇದು ಹೊಲಸಲ್ಲವ್ವ. ಸಕ್ರಿ ಬ್ಯಾನಿ ಬರೂ ಗುರುತು. ಏನ್ ತಿನಸ್ತಿ ಇದಕ್ಕ?” ಎಂದು ಕೇಳಿದರು. ಹುಲಗೆಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಆಕೆಯ ಸೆರಗಿನ ಗಂಟು ಆಗಲೂ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಮಾಲೀಕ ಶರಣಬಸವ ಸಾವ್ಕಾರರು ಹತ್ತೂವರೆಗೆ ಬಂದರು. ಎತ್ತರದ, ಒಣ ಮೈಯ ಮನುಷ್ಯ. ದಿನವೂ ಬೆಳಿಗ್ಗೆ ನಡೆಯುತ್ತಾರೆ, ಸಜ್ಜಿ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಾರೆ, ಹೊರಗಿನ ನೀರು ಸಹ ಕುಡಿಯುವುದಿಲ್ಲ. ಜೊತೆಗೆ ಪಥ್ಯದ ಬಗ್ಗೆ ಹೇಳಲು ಸುನಿತಾ ಮೇಡಂ ಅವರನ್ನು ಕರೆತಂದಿದ್ದರು. ಫೋಟೋದವನೂ ಬಂದಿದ್ದ.

“ನಮ್ಮ ಮಂದಿಗೆ ಬಾಯಿ ಮ್ಯಾಲ ಹಿಡಿತ ಇಲ್ರಿ ಮೇಡಂ,” ಎಂದರು ಸಾವ್ಕಾರರು, ಮನೆಯ ದನದ ಬಗ್ಗೆ ಹೇಳುವ ಅಕ್ಕರೆಯಲ್ಲಿ. “ಸಿಕ್ಕಿದ್ದೆಲ್ಲಾ ತಿಂತಾರ. ನೀವಾದ್ರೂ ಬುದ್ಧಿ ಹೇಳ್ರಿ.”

ಮೇಡಂ ಸೊಪ್ಪು, ಕಾಳು, ನಡಿಗೆ ಎಂದು ಒಳ್ಳೆಯ ಮಾತುಗಳನ್ನೇ ಹೇಳಿದರು. ಪಾಕೀಟಿನ ತಿಂಡಿಯಿಂದ ದೂರ ಇರಬೇಕು ಎಂದಾಗ ಮಾತ್ರ ಒಂದು ಕ್ಷಣ ತಡೆದು ಸಾವ್ಕಾರರ ಮುಖ ನೋಡಿದರು. ಸಾವ್ಕಾರರು ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದರು.

ಹುಲಗೆಮ್ಮ ಎದ್ದು ನಿಂತಳು. “ಮೇಡಮ್ಮಾರ, ರೊಟ್ಟಿ ತಿನ್ನಬೌದೇನ್ರಿ?”

“ಜೋಳದ ರೊಟ್ಟಿನಾ? ಭಾಳ ಛಲೋ. ದಿನಾ ತಿನ್ನಿ.”

“ಹಂಗಾರ ಇವ್ರಿಗೆ ಒಂದ್ ಮಾತ್ ಹೇಳ್ರಿ. ಗೇಟಿನ್ಯಾಗ ಕಸಗೊಂತಾರ.”

ಮೇಡಂ ಸಾವ್ಕಾರರ ಕಡೆ ತಿರುಗಿದರು. “ಅದು ಫುಡ್ ಸೇಫ್ಟಿ ನಿಯಮ ರೀ,” ಎಂದರು ಸಾವ್ಕಾರರು. “ತಿನ್ನೂ ಪದಾರ್ಥ ಮಾಡೂ ಜಾಗಾ. ಇವ್ರ ಬುತ್ತಿ, ಇರಬಿ, ಜೊಂಡಿಗ್ಯಾ... ಹೊಲಸ ಆಕ್ಕೈತಿ.”

“ಕುಂದ್ರ ಕೆಳಗ,” ಎಂದು ಗೋವಿಂದರಾಜ ಗದರಿದ. “ಫೋಟೋದಾಗ ಒಬ್ಬಾಕಿನಾ ಅರ್ಧಾ ಜಾಗಾ ಹಿಡದೀ.”

ಶಿಬಿರದ ಹಿಂದೆ ಇನ್ನೊಂದು ಸಂಗತಿ ಇತ್ತು. ಚೂರಾಕ್ಕೆ ಗಿರಾಕಿ ಸಿಕ್ಕಿದ್ದರು. ಗಂಗಾವತಿ ಕಡೆಯ ಮೀನುಹೊಂಡದವರು ಅದನ್ನು ಒಯ್ದು ಮೀನುಗಳಿಗೆ ಹಾಕಿ ನೋಡಿದ್ದರು. ಮೀನುಗಳು ಬೇಗ ಮೈತುಂಬಿಕೊಂಡಿವೆ, ಎಲ್ಲಾ ಚೂರಾ ನಮಗೇ ಕೊಡಿ ಎಂದು ಫೋನು ಮಾಡಿದ್ದರು. ಚೂರಾದ ಚೀಲ ಹೊತ್ತು ಹಾಕಿದ ಹಮಾಲರಿಂದ ಈ ಸುದ್ದಿ ಹೆಂಗಸರಿಗೂ ಮುಟ್ಟಿತ್ತು. ಸಾವ್ಕಾರರಿಗೆ ಸಂತೋಷವಾಗಿತ್ತು. ಮೀನು ದಪ್ಪಗಾದದ್ದು ಚೂರಾದ ಗುಣ, ಹೆಂಗಸರು ದಪ್ಪಗಾದದ್ದು ಅವರ ಬಾಯಿಯ ಚಪಲ. ಇನ್ನು ಮೇಲೆ ಬುಟ್ಟಿಯ ಚೂರಾ ಬಂದ್. ಬೆಲ್ಟಿನಿಂದ ಬಾಯಿಗೆ ಹಾಕಿಕೊಳ್ಳುವುದೂ ನಿಲ್ಲಬೇಕು. ಅದನ್ನು ಕಾಯಲು ಕ್ಯಾಮೆರಾಕ್ಕಿಂತ ಅಗ್ಗದ ದಾರಿ ಸಾವ್ಕಾರರಿಗೆ ತಂದೆಯ ಕಾಲದಿಂದ ಗೊತ್ತಿತ್ತು.

ಅವರ ತಂದೆ ಕಣದಲ್ಲಿ ಜೋಳ ಕಡಿಮೆ ಬಂದರೆ ಕೂಲಿಯವರನ್ನು ಸಾಲಾಗಿ ನಿಲ್ಲಿಸಿ, ಕೈಗೆ ಹುಲಿಗಿಯ ದೇವಿ ಹುಲಿಗೆಮ್ಮನ ಭಂಡಾರ ಹಾಕಿ ಕೇಳುತ್ತಿದ್ದರು. ಆ ಅರಿಸಿನ ಪುಡಿ ಕೈಯಲ್ಲಿ ಹಿಡಿದು ಯಾರೂ ಸುಳ್ಳಾಡುತ್ತಿರಲಿಲ್ಲ, ಆಡಿದ ಮಾತು ಮುರಿಯುತ್ತಿರಲಿಲ್ಲ. ಹುಲಗೆಮ್ಮನ ಅಜ್ಜಿ ಹಾಗೆ ನಿಂತಿದ್ದಳು. ಕದ್ದದ್ದು ಒಂದು ಸೇರು, ಒಪ್ಪಿಕೊಂಡು ಊರು ಬಿಟ್ಟಳು.

“ಎಲ್ಲಾರೂ ಕೈ ಒಡ್ರಿ,” ಎಂದ ಗೋವಿಂದರಾಜ. “ತಾಯಿ ಮ್ಯಾಲ ಆಣಿ ಮಾಡ್ಬೇಕು.”

ಸಾವ್ಕಾರರು ತಾಟು ಹಿಡಿದು ಸಾಲಿನುದ್ದಕ್ಕೂ ನಡೆದರು. ಕೇರಿಯ ಹೆಂಗಸರ ಅಂಗೈಗೆ ಭಂಡಾರವನ್ನು ಮೇಲಿನಿಂದ, ಬೆರಳು ತಾಗದಂತೆ ಉದುರಿಸಿದರು. ಫೋಟೋದವನು ಎಲ್ಲವನ್ನೂ ಹಿಡಿದುಕೊಂಡ.

“ನಾವು ಭಂಡಾರ ಹಿಡಿಯಂಗಿಲ್ರಿ,” ಎಂದಳು ತಾಜಬೀ.

“ಹಂಗಾರ ನಿಮ್ಮ ಅಲ್ಲಾನ ಮ್ಯಾಲ ಮಾಡು,” ಎಂದ ಗೋವಿಂದರಾಜ.

“ಸುಮ್ಮಸುಮ್ನ ಮಾಡೂ ಆಣಿ ಅಲ್ರಿ ಅದು. ಮಾಡಿದ್ರ ಸಾಯೂತನಾ ಮುರಿಯಂಗಿಲ್ಲ. ಇಚಾರ ಮಾಡಿ ಹೇಳ್ರಿ, ಮಾಡ್ಲೇನು?”

“ಮಾಡವ್ವಾ ಮಾರಾಯ್ತಿ, ಅದಕ್ಕಾ ಅಲ್ಲೇನ ಕರದದ್ದು.”

ಆಣೆಯ ಮಾತುಗಳನ್ನು ಗೋವಿಂದರಾಜ ಯಾವುದೋ ಶಾಲೆಯಲ್ಲಿ ಹಂಚಿದ್ದ ಕರಪತ್ರದಿಂದ ಎತ್ತಿದ್ದ. ಮುಂಚೆ ಒಮ್ಮೆಯೂ ಓದಿ ನೋಡಿರಲಿಲ್ಲ. ಹೇಳಿಕೊಡುತ್ತ ಹೋದ, ಹೆಂಗಸರು ಹಿಂದಿನಿಂದ ಹೇಳಿದರು. “ನಾನು ಪ್ಯಾಕೆಟ್ ತಿಂಡಿಯನ್ನು ತಿನ್ನುವುದಿಲ್ಲ. ನನ್ನ ಮಕ್ಕಳಿಗೆ ತಿನ್ನಿಸುವುದಿಲ್ಲ. ಬೇರೆಯವರ ಮಕ್ಕಳಿಗೂ ಅದನ್ನು ನನ್ನ ಕೈಯಿಂದ ಕೊಡುವುದಿಲ್ಲ.”

ಕೊನೆಯ ಸಾಲು ಹೇಳುವಾಗ ಹುಲಗೆಮ್ಮನ ದನಿ ಒಂದು ಗಳಿಗೆ ನಿಂತಿತು. ಆಮೇಲೆ ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದಳು. ಭಂಡಾರವನ್ನು ಹಣೆಗೆ ಹಚ್ಚಿ, ಉಳಿದದ್ದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಚೂರಾ ಕಟ್ಟುತ್ತಿದ್ದ ಅದೇ ತುದಿ.

ಮೇಡಂ ಹೋದರು. ಫೋಟೋದವನು ಹೋದ. ಬ್ಯಾನರ್ ಅಲ್ಲೇ ಇತ್ತು. ಗೋವಿಂದರಾಜ ಮಷಿನ್ ಚಾಲೂ ಮಾಡಿಸಿದ.

ಮೊದಲ ಪಾಕೀಟು ಬೆಲ್ಟಿನ ಮೇಲೆ ಬಿದ್ದು ಹುಲಗೆಮ್ಮನ ಮುಂದೆ ಬಂತು. ಆಕೆ ಎರಡೂ ಕೈ ಕಟ್ಟಿ ನಿಂತಳು. ಪಾಕೀಟು ಮುಂದೆ ಹೋಯಿತು. ತಾಜಬೀ ಅದನ್ನು ನೋಡಿದಳು, ಹುಲಗೆಮ್ಮನನ್ನು ನೋಡಿದಳು, ತಾನೂ ಕೈ ಕಟ್ಟಿದಳು. ಪಾಕೀಟು ಬೆಲ್ಟಿನ ತುದಿಯವರೆಗೂ ಹೋಗಿ ನೆಲಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು. ಸಾಲಿನ ಕೈಗಳು ಒಂದೊಂದಾಗಿ ನಿಂತವು.

“ನಿಮ್ಮೌವ್ನ, ಏನಾಗೇತಿ ನಿಮಗ? ಹಿಡೀರಿ, ತುಂಬ್ರಿ,” ಎಂದು ಗೋವಿಂದರಾಜ ಓಡಿ ಬಂದ.

“ಬರಂಗಿಲ್ಲರೀ ಸಾಹೇಬ್ರ,” ಎಂದಳು ಹುಲಗೆಮ್ಮ. “ಬ್ಯಾರೆಯವ್ರ ಮಕ್ಳಿಗೆ ನಮ್ಮ ಕೈಲೆ ಕೊಡೂದಿಲ್ಲಂತ ಆಣಿ ಮಾಡೀವಿ. ಈ ಪಾಕೀಟ ಎಲ್ಲಿಗೆ ಹೊಂಟಾವು? ಇಟಗಿ ಸಾಲಿ ಮುಂದ, ಹುಲಿಹೈದರ ಸಾಲಿ ಮುಂದ. ತುಂಬೂ ಕೈ ನಂದು.”

“ಅದು ಬರೇ ಮಾತಿಗೆ ಹೇಳಿದ್ದು.”

“ಭಂಡಾರ ಹಿಡದ್ ಮಾತಿಗೆ ಹೇಳೂದ್ ಯಾವೂರಾಗೈತ್ರಿ? ನೀವಾ ಹೇಳಿಕೊಟ್ಟೀರಿ.”

ಗೋವಿಂದರಾಜ ಫೋನು ಮಾಡಿದ. ಸಾವ್ಕಾರರು ಆಫೀಸಿನಿಂದ ಇಳಿದು ಬರುವಷ್ಟರಲ್ಲಿ ಬೆಲ್ಟಿನ ತುದಿಯಲ್ಲಿ ಪಾಕೀಟಿನ ಗುಡ್ಡೆ ಗೋವಿಂದರಾಜನ ಮೊಣಕಾಲು ಮುಟ್ಟಿತ್ತು. ಗಾಳಿ ತುಂಬಿದ ಮಾಲು ಬೇಗ ಬೆಳೆಯುತ್ತದೆ.

ಸಾವ್ಕಾರರು ಸಿಟ್ಟಾಗಲಿಲ್ಲ, ನಕ್ಕರು. “ಏ ಹುಚ್ಚವ್ವಗೋಳ, ದೇವ್ರಿಗೆ ತಿಳೀತೈತಿ. ತಪ್ಪಕಾಣಿಕಿ ನಾ ಹಾಕ್ತೀನಿ, ಹುಲಿಗಿಗೆ ಒಂದ್ ಬಸ್ಸ ಮಾಡಿಸ್ತೀನಿ. ಕೆಲಸಾ ಹಿಡೀರಿ.”

“ಬಸ್ಸ್ ಬ್ಯಾಡ್ರಿ ಸಾವ್ಕಾರ್ರ,” ಎಂದಳು ಹುಲಗೆಮ್ಮ. ಬಗ್ಗಿ ಬೆಲ್ಟಿನ ಮೇಲಿನ ಒಂದು ಪಾಕೀಟಿನತ್ತ ಬೆರಳು ಮಾಡಿದಳು, ಮುಟ್ಟಲಿಲ್ಲ. “ನೀವಾ ಅದನ್ನ ತಗೀರಿ. ನಮ್ಮ ಮುಂದ ಒಂದೀಟು ತಿನ್ರಿ. ಮನಿಗೆ ಒಯ್ದು ನಿಮ್ಮ ಮಮ್ಮಗಗ ದಿನಾ ತಿನಸ್ರಿ, ನಾ ನನ್ನ ಗೀತಾಗ ತಿನಿಸಿದಂಗ. ಆಣಿ ಮುರದ್ ಪಾಪ ನಾ ತಿಂತೀನಿ, ಕೆಲಸಕ್ಕ ನಿಂದರ್ತೀನಿ.”

“ಏಯ್, ಅವ ಇಂಥಾದ್ದೆಲ್ಲಾ ತಿನ್ನಂಗಿಲ್ಲ,” ಎಂದರು ಸಾವ್ಕಾರರು.

ಮಾತು ಬಾಯಿಂದ ಹೋಗಿಬಿಟ್ಟಿತ್ತು.

“ಮೀನಾ ತಿಂತಾವ್ರಿ,” ಎಂದಳು ತಾಜಬೀ.

ಮೊದಲು ನಕ್ಕವರು ಹಮಾಲರು. ನಗು ಬೆಲ್ಟಿನುದ್ದಕ್ಕೂ ಹರಿಯಿತು. ಸಾವ್ಕಾರರು ಎರಡು ಹೆಜ್ಜೆ ಹಿಂದೆ ಸರಿದರು. ಹಿಂದೆ ಕಾಟಾ ಇತ್ತು. ಹತ್ತಿ ನಿಂತದ್ದು ಅವರಿಗೆ ತಿಳಿಯಲಿಲ್ಲ. ಕೆಂಪು ಅಂಕಿಗಳು ಹೊತ್ತಿಕೊಂಡವು.

“ಅರವತ್ತೆರಡು,” ಎಂದು ಗೋವಿಂದರಾಜ ರೂಢಿಯ ಮೇಲೆ ಜೋರಾಗಿ ಓದಿಬಿಟ್ಟ.

“ಇಳೀಬ್ಯಾಡ್ರಿ ಸಾವ್ಕಾರ್ರ, ಬರೋಬ್ಬರಿ ಅದೀರಿ,” ಎಂದಳು ಹುಲಗೆಮ್ಮ. “ಯುಗಾದಿತನಾ ಹೆದರಿಕಿಲ್ಲ.”

ಸಾವ್ಕಾರರ ಮುಖದ ಬಣ್ಣ ಬದಲಾಯಿತು. “ಇಕಿನ್ನ ಹೊರಗ ಹಾಕ್ರಿ. ಇಕಿ ಹಿಂದ ನಿಂತವ್ರನ್ನೂ ಹಾಕ್ರಿ. ಹಲ್ಕಟ್ ಮಂದಿ, ಉಂಡ ಮನಿಗೆ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಈ ಮನೆಯಲ್ಲಿ ಹೆಂಗಸರು ಏನು ಉಂಡಿದ್ದರು ಎಂಬುದು ಎಲ್ಲರ ಮೈಮೇಲೆ ಕಾಣುತ್ತಿತ್ತು.

ಹುಲಗೆಮ್ಮನನ್ನು ಯಾರೂ ಹೊರಗೆ ಹಾಕಬೇಕಾಗಲಿಲ್ಲ. ತಾನೇ ಗೇಟಿಗೆ ನಡೆದಳು. ಕಟ್ಟೆಯ ಮೇಲಿದ್ದ ತನ್ನ ರೊಟ್ಟಿಯ ಗಂಟು ಎತ್ತಿಕೊಂಡಳು. ವಾಚಮನ್ ಮನೆಗೆ ಹೊರಟಳೆಂದು ಗೇಟು ತೆಗೆದ. ಆಕೆ ಗೇಟಿನ ಕಡೆ ಬೆನ್ನು ಹಾಕಿ ಮತ್ತೆ ಒಳಗೆ ಬಂದಳು. ಹಿಂದೆಯೇ ಬಂದಿದ್ದ ತಾಜಬೀ ಕಟ್ಟೆ ಬರಿದು ಮಾಡಿ ಎಲ್ಲರ ಗಂಟುಗಳನ್ನೂ ಮಡಿಲಿಗೆ ತುಂಬಿಕೊಂಡಳು.

ಹೆಂಗಸರು ಪ್ಯಾಕಿಂಗ್ ಹಾಲಿನ ನಡುವೆ, ಬ್ಯಾನರಿನ ಕೆಳಗೆ ದುಂಡಗೆ ಕೂತರು. ಗಂಟು ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಕಾರ್ಖಾನೆ ಕಟ್ಟಿದ ಮೇಲೆ ಆ ನೆಲದ ಮೇಲೆ ಅನ್ನ ಎಂಬುದು ಬಂದದ್ದು ಅದೇ ಮೊದಲು.

“ಪೊಲೀಸರಿಗೆ ಫೋನ್ ಹಚ್ಚು,” ಎಂದರು ಸಾವ್ಕಾರರು. “ಏನಂತ ಹೇಳ್ಲಿರಿ?” ಎಂದು ಗೋವಿಂದರಾಜ ಕೇಳಿದ. “ರೊಟ್ಟಿ ತಿನ್ನಾಕತ್ತಾರಂತ ಹೇಳ್ಲೇನ್ರಿ?”

ಮಷಿನ್ ನಿಲ್ಲಿಸಲು ಯಾರೂ ಹೇಳಿರಲಿಲ್ಲ. ಗುಡ್ಡೆ ಬೆಲ್ಟಿನ ಎತ್ತರಕ್ಕೆ ಬಂದು ಜಾರತೊಡಗಿತು. ಪಾಕೀಟೊಂದು ಉರುಳಿ ಬಂದು ಹುಲಗೆಮ್ಮನ ರೊಟ್ಟಿಯ ಪಕ್ಕ ನಿಂತಿತು. ತೆಳ್ಳಗಿನ ಹುಡುಗ ಜಿಗಿಯುತ್ತಲೇ ಇದ್ದ. ಆಕೆ ಅರಿಸಿನ ಹತ್ತಿದ ಬೆರಳುಗಳಿಂದ ರೊಟ್ಟಿ ಮುರಿದಳು. ಇನ್ನೊಂದು ಕೈಯ ಮೊಣಕೈಯಿಂದ ಪಾಕೀಟನ್ನು ದೂರ ಸರಿಸಿದಳು, ಬೆರಳು ತಾಗದಂತೆ.