ಅಪ್ಪನನ್ನು ಕರೆಯುವ ಮಾತು

“ಅಳಿಸಲ್ಲ ಅಂದ್ರೆ ಅಳಿಸಲ್ಲ! ಸುಮ್ನೆ ತಲೆ ತಿನ್ಬೇಡ!”

“ಅಪ್ಪ ಮನೆಗೆ ಬಂದು ಹನ್ನೆರಡು ದಿನ ಆಯ್ತಲ್ಲೋ! ಇನ್ನೂ ಯಾಕೆ ಬೇಕು ಆ ಪೋಸ್ಟು? ಎಲ್ಲಾ ನಿನ್ನ ಮೂಗಿನ ನೇರಕ್ಕೇ ಆಗ್ಬೇಕಾ?”

ಅಕ್ಕ ಹೊಲಿಗೆ ಯಂತ್ರ ಬಿಟ್ಟು ಎದ್ದು ನಿಂತಿದ್ದಳು. ತಮ್ಮ ಫೋನನ್ನು ಜೇಬಿಗೆ ತುರುಕಿಕೊಂಡ. ಹೊರಬಾಗಿಲ ಬಳಿಯ ಕುರ್ಚಿಯಲ್ಲಿ ಅಪ್ಪ ತಮ್ಮ ಪಾಡಿಗೆ ತಾವು ಕುಳಿತಿದ್ದರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ಈಗ ಮರೆವಿನ ಕಾಯಿಲೆ. ಒಮ್ಮೊಮ್ಮೆ ಮಕ್ಕಳ ಗುರುತೂ ಸಿಗುವುದಿಲ್ಲ.

ಅಪ್ಪ ಕಾಣೆಯಾದ ದಿನ ತಮ್ಮ ಗಾಬರಿಯಲ್ಲಿ ಇದ್ದಬದ್ದದ್ದನ್ನೆಲ್ಲ ಬರೆದು ಹಾಕಿದ್ದ: ಫೋಟೊ, ಮನೆ ವಿಳಾಸ, ಕಾಯಿಲೆ, ಬೆರಳಲ್ಲಿ ಚಿನ್ನದ ಉಂಗುರ. ಕೊನೆಗೊಂದು ಸಾಲು: ‘ನನ್ನ ಗಡಿಯಾರ ನಿಂತುಹೋಗಿದೆ ಅಂದರೆ ಸಾಕು, ಯಾರ ಜೊತೆಗಾದರೂ ಬರುತ್ತಾರೆ.’ ಅದನ್ನು ಓದಿದ ಬಸ್ ಡ್ರೈವರ್ ಒಬ್ಬ ಹಾಗೆಯೇ ಕರೆದು, ಅಪ್ಪನನ್ನು ಮನೆ ಮುಟ್ಟಿಸಿದ್ದ.

“ಆ ಸಾಲಿಂದ್ಲೇ ಅಪ್ಪ ಸಿಕ್ಕಿದ್ದು. ನಾಳೆ ಮತ್ತೆ ಹೋದ್ರೆ ಬೇಕಾಗುತ್ತೆ,” ಎಂದ ತಮ್ಮ.

ಅದೇ ಬೀದಿಯ ಮಹಿಳಾ ಪೇದೆ ಸಮವಸ್ತ್ರ ಸಡಿಲ ಮಾಡಿಸಲು ಬಂದಿದ್ದಳು. ಅವಳು ನಡುವೆ ಬಾಯಿ ಹಾಕಿದಳು.

“ಅಣ್ಣಾ, ಅದನ್ನ ಡ್ರೈವರ್ ಒಬ್ನೇ ಓದಿದ್ನಾ? ಉಂಗುರದ ಮೇಲೆ ಕಣ್ಣಿಟ್ಟೋನೂ ಓದಿರ್ತಾನೆ. ನೀನೇ ಮನೆ ತೋರ್ಸಿ, ಹೆಂಗೆ ಕರೀಬೇಕು ಅಂತಾನೂ ಹೇಳ್ಕೊಟ್ಟಿದ್ದೀಯ.”

“ಪೊಲೀಸ್ನೋರಿಗೆ ಎಲ್ಲರೂ ಕಳ್ಳರ ಥರಾನೇ ಕಾಣ್ತಾರೆ.”

“ಹೌದಪ್ಪಾ, ನಿಮ್ಮಕ್ಕನೂ ನನ್ನ ಅಂಗೀಲಿ ಬಟ್ಟೆ ಕದ್ದಿದ್ದಾಳೆ, ಉಸಿರಾಡಕ್ಕೂ ಆಗ್ತಿಲ್ಲ. ತಮಾಷೆ ಸಾಕು, ಕೇಳು. ಮೊದಲು ಠಾಣೆಗೆ ದೂರು. ಪೋಸ್ಟ್ ಹಾಕಿದ್ರೆ ಫೋಟೊ, ಉಟ್ಟ ಬಟ್ಟೆ, ಕೊನೆಗೆ ಕಂಡ ಜಾಗ, ಠಾಣೆ ನಂಬರು. ಅಷ್ಟೇ. ಇಂಥ ಗುಟ್ಟು ಏನಿದ್ರೂ ನಮ್ಮ ಕಿವೀಲಿ ಹೇಳು, ಊರಿಗೆಲ್ಲ ಅಲ್ಲ. ಈಗ ಅದನ್ನ ಅಳಿಸು.”

“ಸಂಜೆ ನೋಡೋಣ ಬಿಡಿ.”

ಮಧ್ಯಾಹ್ನ ಅಕ್ಕ ಹೊಲಿದ ಬಟ್ಟೆ ಕೊಡಲು ಹೋದಳು. ತಮ್ಮ ಒಳಗೆ ಊಟಕ್ಕೆ ಕುಳಿತಿದ್ದ. ಬಾಗಿಲಲ್ಲಿ ಯಾರೋ ಗಂಡಸಿನ ದನಿ ಕೇಳಿಸಿತು.

“ಯಜಮಾನ್ರೇ, ನನ್ನ ಗಡಿಯಾರ ನಿಂತುಹೋಗಿದೆ.”

ಹಳೇ ಗಿರಾಕಿ ಇರಬೇಕು ಎಂದುಕೊಂಡ ತಮ್ಮ. ಕುರ್ಚಿ ಸರಿದ ಸದ್ದಾಯಿತು.

“ಎಲ್ಲಿದೆ? ನಡೀರಿ, ನೋಡೇಬಿಡೋಣ,” ಎಂದರು ಅಪ್ಪ. ಅವರ ದನಿಯಲ್ಲಿ ಅಷ್ಟು ಗೆಲುವು ಕೇಳಿ ಎಷ್ಟೋ ಕಾಲವಾಗಿತ್ತು. ತಮ್ಮನಿಗೆ ಖುಷಿಯೇ ಆಯಿತು. ಇನ್ನೆರಡು ತುತ್ತು ತಿಂದ. ಆಮೇಲೆ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು.

ಹೊರಗೆ ಓಡಿ ಬಂದರೆ ಕುರ್ಚಿ ಖಾಲಿ. ಚಪ್ಪಲಿಯೂ ಇಲ್ಲ. ಬೀದಿಯ ಎರಡೂ ತುದಿಗೆ ಎಂಜಲು ಕೈಯಲ್ಲೇ ಓಡಿದ.

ಠಾಣೆಯಲ್ಲಿ ಆ ಪೇದೆಯ ಎದುರೇ ಕುಳಿತು ಹಳೆಯ ಪೋಸ್ಟ್ ಅಳಿಸಿದ. ಹಂಚಿದವರಿಗೆಲ್ಲ ಅಳಿಸಿ ಎಂದು ಕೈಮುಗಿದು ಬರೆದ. ಹೊಸ ಪೋಸ್ಟ್‌ನಲ್ಲಿ ಅವಳು ಹೇಳಿದ ನಾಲ್ಕೇ ವಿಷಯ ಇದ್ದವು. ಅಕ್ಕ ದೂರಿಗೆ ಸಹಿ ಹಾಕಿದಳು.

ಓದಿದವರೇ, ಕೇಳಿದವರೇ, ಮನೆಯವರು ಕಾಣೆಯಾದರೆ ಗಳಿಗೆಯೂ ಕಾಯದೆ ಠಾಣೆಗೆ ಓಡಿ. ಅವರ ಕಾಯಿಲೆ, ಒಡವೆ, ವಿಳಾಸ, ಅಭ್ಯಾಸಗಳನ್ನು ಜಗತ್ತಿಗೆಲ್ಲ ಸಾರಬೇಡಿ. ಸಿಕ್ಕ ದಿನವೇ ಪೋಸ್ಟ್ ಅಳಿಸಿ, ಹಂಚಿದವರಿಗೂ ಅಳಿಸಲು ಹೇಳಿ. ನಿಮ್ಮ ಫೋನಿನಲ್ಲಿ ಅಂಥದ್ದೊಂದು ಇನ್ನೂ ಇದ್ದರೆ ಈಗಲೇ ತೆಗೆಯಿರಿ. ಸಂಜೆ ನೋಡೋಣ ಅನ್ನಬೇಡಿ.

ಗಡಿಯಾರ ನೋಡಲೆಂದು ಹೋದ ಆ ಅಪ್ಪನಿಗಾಗಿ ಬಾಗಿಲ ಬಳಿಯ ಕುರ್ಚಿ ಇನ್ನೂ ಹಾಗೆಯೇ ಇದೆ. ಐದು ತಿಂಗಳಾಯಿತು. ಅವರು ಬಂದಿಲ್ಲ.