ಬಲಗಡೆಯ ಮೊದಲ ಸಾಲು

ಕುಜಿಯ ಹೊಟ್ಟೆಗೆ ಕಿಚ್ಚು ಬಿದ್ದಿತ್ತು, ಇಟ್ಟುಕೊಂಡವನೂ ಅವನೇ. ಹಿರೊಸಾಕಿಯ ಹೋಟೆಲೊಂದರಲ್ಲಿ ಉಣ್ಣುವವರ ಮುಂದೆ ಮೂರು ತಂತಿಯ ಶಾಮಿಸೆನ್ ನುಡಿಸುತ್ತಿದ್ದ ಮಿಯೊಳನ್ನು ಮೊರಿಯೊಕಾಕ್ಕೆ ಕರೆತಂದು, ತನ್ನ ಗಿಟಾರಿನ ಪಕ್ಕ ನಿಲ್ಲಿಸಿದವನು ಅವನು. ಅವರ ಬ್ಯಾಂಡಿನ ಹೆಸರು ತೆತ್ಸುಬಿನ್, ಅಂದರೆ ಕಬ್ಬಿಣದ ಕೆಟಲು. ಹಳ್ಳಿಯ ಕುಣಿತದ ಹಾಡು, ಜಾಜ್, ಹೆವಿ ಮೆಟಲ್ ಎಲ್ಲವನ್ನೂ ಒಂದರಲ್ಲೇ ಹಾಕಿ ಕುದಿಸುವವರು. ಹದಿನೈದು ವರ್ಷದಿಂದ ಅದರ ಕೆಳಗಿನ ಬೆಂಕಿ ತಾನೇ ಎಂದು ಕುಜಿ ನಂಬಿದ್ದ.

ಅವರು ನುಡಿಸುವ ನೆಲಮಾಳಿಗೆಯ ಹಾಲ್‌ನಲ್ಲಿ ಕುರ್ಚಿಗಳಿಲ್ಲ. ಯಾರಿಗೆ ಯಾರು ಇಷ್ಟವೋ ಅವರೆದುರು ಹೋಗಿ ನಿಲ್ಲುತ್ತಾರೆ, ಹಾಗಾಗಿ ಯಾರ ಬೆಲೆ ಎಷ್ಟೆಂದು ವೇದಿಕೆಯ ಮೇಲಿನಿಂದಲೇ ಕಾಣುತ್ತದೆ. ನೋಡುವವರ ಬಲಗಡೆ ಕುಜಿ, ಎಡಗಡೆ ಮಿಯೊ. ಅವಳು ಬಂದ ಎರಡೇ ವರ್ಷದಲ್ಲಿ ಎಡಗಡೆ ಕಾಲಿಡಲು ಜಾಗವಿಲ್ಲ, ಬಲಗಡೆ ಗಾಳಿ ಓಡಾಡುತ್ತಿತ್ತು. ಬಲಗಡೆಯ ಮೊದಲ ಸಾಲಿನಲ್ಲಿ ಕದಲದೆ ಉಳಿದವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಓದಾಶಿಮಾ ಒಬ್ಬಳೇ. ಹನ್ನೊಂದು ವರ್ಷದಿಂದ ಅದೇ ಜಾಗ.

ಉಳಿದವರೆಲ್ಲ ತಲೆ ಕೊಡವಿ ಬೆವರು ಸುರಿಸಿದರೆ ಮಿಯೊ ಕಂಬದ ಹಾಗೆ ನಿಂತು ತಂತಿ ಮೀಟುವ ಅಗಲವಾದ ಪಟ್ಟಿಯನ್ನು ಮೇಲೆತ್ತುತ್ತಾಳೆ, ಅಷ್ಟೇ. ಇಡೀ ಹಾಲ್ ಉಸಿರು ಹಿಡಿಯುತ್ತದೆ. ಅದು ಕೆಳಗಿಳಿದಾಗ ನುಡಿಯುವುದು ತಂತಿಯೋ ಡೋಲೋ ತಿಳಿಯುವುದಿಲ್ಲ. ಕುಣಿದು ಕುಣಿದು ಮಂಡಿ ಸವೆಸಿಕೊಂಡ ಕುಜಿಗೆ, ಅವಳು ಸುಮ್ಮನೆ ನಿಲ್ಲುವುದನ್ನು ನೋಡಿದರೇ ಮೈ ಉರಿಯುತ್ತಿತ್ತು.

ಸಂಜೆ ಕಾರ್ಯಕ್ರಮವಿದ್ದ ಒಂದು ಭಾನುವಾರ, ಮಧ್ಯಾಹ್ನದ ತಾಲೀಮಿನಲ್ಲಿ ಅವನು ಮಾತು ತೆಗೆದ. "ಡ್ರಮ್ಮಿನ ಸದ್ದಿಗೆ ನನ್ನ ಬಲಗಿವಿ ಗುಂಯ್ ಅಂತಿದೆ ಕಣ್ರೋ. ಇವತ್ತೊಂದಿನ ನಾನು ಎಡಗಡೆ ನಿಂತ್ಕೋತೀನಿ."

ಹಾಡುಗಾರ ಯಾಹಾಬಾ ನಕ್ಕ. "ಕಿವಿಗೆ ಏನೂ ಆಗಿಲ್ಲ ಬಿಡು. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬು ದೊಡ್ಡದಾಯ್ತಲ್ಲ, ಅದು ನಿಂಗೆ ಚುಚ್ತಾ ಇದೆ."

"ಬಾಯ್ಮುಚ್ಚು."

ಮಿಯೊ ಮಾತ್ರ ಸೊಂಟ ಬಗ್ಗಿಸಿ ನಮಸ್ಕರಿಸಿದಳು. "ನಿಮ್ಮ ಜಾಗ ನಂಗಾ ಅಣ್ಣಾ? ನಾನು ಅಷ್ಟು ದೊಡ್ಡೋಳಲ್ಲ. ಆದ್ರೂ ನೀವು ಹೇಳಿದ್ರೆ ನಿಂತ್ಕೋತೀನಿ."

ಆ ವಿನಯಕ್ಕೂ ಅವನಿಗೆ ಹೊಟ್ಟೆಕಿಚ್ಚಾಯಿತು.

ಅವನ ಲೆಕ್ಕಾಚಾರ ಸರಳವಾಗಿತ್ತು. ಪರದೆ ಏಳುವ ಮೊದಲೇ ಜನ ಒತ್ತೊತ್ತಾಗಿ ನಿಂತಿರುತ್ತಾರೆ, ಆಮೇಲೆ ಅತ್ತಿತ್ತ ಸರಿಯಲು ಆಗುವುದಿಲ್ಲ. ಮಿಯೊಗಾಗಿ ಎಡಗಡೆ ಕಾದವರೆಲ್ಲ ಅವನ ಪಾಲಾಗಬೇಕು.

ಪರದೆ ಎದ್ದಿತು. ಎದುರಿಗೆ ಎಷ್ಟೊಂದು ಮುಖಗಳು. ಕುಜಿ ಒಂದು ಕಾಲು ಸ್ಪೀಕರಿನ ಮೇಲಿಟ್ಟು, ಜೀವಮಾನದಲ್ಲೇ ಅತ್ಯಂತ ಚೆನ್ನಾಗಿ ಮೊದಲ ಹತ್ತು ಸ್ವರ ನುಡಿಸಿದ. ಹನ್ನೊಂದನೆಯದು ಶಾಮಿಸೆನ್ನಿನದು. ಮುಖಗಳೆಲ್ಲ ಒಟ್ಟಿಗೇ ಆ ಕಡೆ ತಿರುಗಿದವು. ಅವನ ಪಾಲಿಗೆ ಉಳಿದದ್ದು ಇನ್ನೂರು ಕಿವಿಗಳು, ಎಲ್ಲವೂ ಎಡಗಿವಿ.

ಬಲಗಡೆಯಲ್ಲಿ ಓದಾಶಿಮಾ ತನ್ನೆದುರಿಗಿದ್ದ ಮಿಯೊಳನ್ನು ಬಿಟ್ಟು, ಕುತ್ತಿಗೆ ಉದ್ದ ಮಾಡಿ ಕುಜಿಯನ್ನು ಹುಡುಕುತ್ತಿದ್ದಳು. ಅದು ಒಮ್ಮೆ ಅವನ ಕಣ್ಣಿಗೆ ಬಿತ್ತು. ಒಬ್ಬಳು ಯಾವ ಲೆಕ್ಕ ಎಂದುಕೊಂಡ. ಆಮೇಲೆ ಒಂದೂವರೆ ಗಂಟೆ ಅವನ ದೃಷ್ಟಿಯೆಲ್ಲ ಮಿಯೊಳ ಮೇಲೇ ಇತ್ತು. ಎಲ್ಲಿ ತಪ್ಪುತ್ತಾಳೆ, ಯಾವಾಗ ತಂತಿ ಕಡಿಯುತ್ತದೆ ಎಂದು ಕಾದ. ಅವಳು ತಪ್ಪಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ, ಎಂದಿನಂತೆ ಕಲಾವಿದರ ಜೊತೆ ಫೋಟೊ ತೆಗೆಸಿಕೊಳ್ಳುವವರು ತಮಗಿಷ್ಟವಾದವರ ಮೇಜಿನ ಮುಂದೆ ಸಾಲಾಗಿ ನಿಂತರು. ಕುಜಿಯ ಮೇಜಿನ ಮುಂದೆ ಯಾರೂ ಇರಲಿಲ್ಲ. ಓದಾಶಿಮಾ ಮಿಯೊಳ ಸಾಲಿನಲ್ಲಿದ್ದಳು.

ಕುಜಿ ನಾಚಿಕೆ ಬಿಟ್ಟು ಎದ್ದು ಹೋದ. "ಓದಾಶಿಮಾ ಅವರೇ, ಸಾಲು ತಪ್ಪಿದ್ರಾ?"

"ಇಲ್ಲ." ಅವಳು ಕುತ್ತಿಗೆ ನೀವಿಕೊಂಡಳು. "ನಿಮ್ಮನ್ನೇ ನೋಡ್ತಿದ್ದೆ. ನೀವೂ ನನ್ನ ಕಡೆನೇ ನೋಡ್ತಿದೀರ ಅನ್ನಿಸ್ತು. ಹನ್ನೊಂದು ವರ್ಷಕ್ಕೆ ಮೊದಲನೇ ಸಲ. ಎಷ್ಟು ಖುಷಿಯಾಯ್ತು ಗೊತ್ತಾ? ಆಮೇಲೆ ಗೊತ್ತಾಯ್ತು, ನೀವು ನೋಡ್ತಿದ್ದದ್ದು ನನ್ನ ಮುಂದೆ ನಿಂತೋಳನ್ನ."

ಸಾಲು ಮುಂದೆ ಸರಿಯಿತು, ಅವಳೂ ಒಂದು ಹೆಜ್ಜೆ ಇಟ್ಟಳು.

"ಸಂಗೀತದಲ್ಲಿ ನಿಮ್ಮ ರುಚಿನ ನಾನು ಯಾವತ್ತೂ ನಂಬಿದೋಳು. ನೀವೇ ಕಣ್ಣು ಕೀಳದೆ ನೋಡ್ತಿದೀರ ಅಂದ್ರೆ ಅದ್ರಲ್ಲೇನೋ ಇದೆ ಅಂತ ನಾನೂ ತಿರುಗಿ ನೋಡಿದೆ. ನಿಜವಾಗ್ಲೂ ಇದೆ."

ಅಷ್ಟರಲ್ಲಿ ಅವಳ ಸರದಿ ಬಂತು. ಫೋಟೊ ತೆಗೆಯುವವನು ಇನ್ನಷ್ಟು ಫಿಲ್ಮ್ ತರಲು ಒಳಗೆ ಹೋಗಿದ್ದ. ಮಿಯೊ ಒಂದೇ ಫಿಲ್ಮ್ ಉಳಿದಿದ್ದ ಕ್ಯಾಮರಾ ಚಾಚಿದಳು. "ಅಣ್ಣಾ, ಒಂದು ತೆಗೀತೀರಾ?"

ಕುಜಿ ಕ್ಯಾಮರಾ ಕಣ್ಣಿಗಿಟ್ಟುಕೊಂಡ. ಓದಾಶಿಮಾ ಮಿಯೊಳ ಪಕ್ಕ ನಿಂತು, ಅವನತ್ತ ನೇರವಾಗಿ ನೋಡಿ, ಬಾಯಿತುಂಬ ನಕ್ಕಳು.

ಅವನು ಗುಂಡಿ ಒತ್ತಿದ.