ಕೊಡದ ಸೆಗಣಿ

ಗಂಗಾಪುರದಲ್ಲಿ ಬೀದರ ಕಡೆಯ ನಾವು ಹತ್ತು ಹನ್ನೆರಡು ಮನೆಯವರು ಇದ್ದೇವೆ. ಶ್ರಾವಣದ ಕೊನೆಯ ಸೋಮವಾರ ಎಲ್ಲರೂ ಕೂಡಿ ದಾಸೋಹ ಮಾಡುತ್ತೇವೆ. ಇಪ್ಪತ್ತೆರಡು ವರ್ಷ ಅದರ ಗೋಧಿ ಹುಗ್ಗಿ ಮಾಡಿದವಳು ನನ್ನ ಹೆಂಡತಿ ಕಸ್ತೂರಿಬಾಯಿ. ಕಳೆದ ಮಾಘದಲ್ಲಿ ಅವಳು ಲಿಂಗೈಕ್ಯಳಾದಳು. ಈ ಸಲ ಆ ಕೆಲಸ ಪಕ್ಕದ ಮನೆಯ ಉಮಾಶ್ರೀಗೆ ಹೋಯಿತು.

ಉಮಾಶ್ರೀಯ ಹಿತ್ತಿಲಲ್ಲಿ ಹೊಸದಾಗಿ ಗೋಬರ್ ಗ್ಯಾಸಿನ ತೊಟ್ಟಿ ಕಟ್ಟಿಸಿದ್ದರು. ಕೃಷಿ ಇಲಾಖೆಯವರು ನೋಡಲು ಬಂದರು. ತಿಪ್ಪೆಯಲ್ಲಿ ಕೊಳೆಯುವ ಸೆಗಣಿಯಿಂದ ಏಳುವ ಮೀಥೇನ್ ಭೂಮಿಯನ್ನು ಕಾಯಿಸುತ್ತದೆ, ಅದನ್ನೇ ಹಿಡಿದು ಒಲೆಯಲ್ಲಿ ಉರಿಸಿದರೆ ಕೇಡು ಬಹಳ ಕಡಿಮೆ, ಉಳಿದ ರಾಡಿ ಹೊಲಕ್ಕೆ ಹಾಕಿದರೆ ಯೂರಿಯಾ ಕೂಡ ಕಡಿಮೆ ಸಾಕು ಎಂದು ಹೇಳಿ, ಅವಳ ಫೋಟೋ ತೆಗೆದುಕೊಂಡು ಹೋದರು. ಇಷ್ಟು ವರ್ಷ ಸೆಗಣಿ ಕುಳ್ಳಿನ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡ ನನ್ನ ಕಸ್ತೂರಿಬಾಯಿಯ ಫೋಟೋ ಒಬ್ಬರೂ ತೆಗೆದಿರಲಿಲ್ಲ. ನನ್ನ ಹೊಟ್ಟೆ ಉರಿಯಿತು.

ಆಷಾಢದಲ್ಲಿ ಉಮಾಶ್ರೀ ನಮ್ಮ ಬಾಗಿಲಿಗೆ ಬಂದಳು.

"ಕಾಕಾ, ನಮ್ಮ ಎಮ್ಮಿ ಸೆಗಣಿ ಸಾಲಂಗಿಲ್ರಿ. ನಿಮ್ಮ ಎರಡು ಆಕಳದ್ದೂ ದಿನಾ ಕೊಟ್ರ ದಾಸೋಹದ ಹುಗ್ಗಿಗಿ ಗ್ಯಾಸ್ ಸಾಕಾಗ್ತದ. ತಿಪ್ಯಾಗ ಸುಮ್ನೆ ಕೊಳೀತದಲ್ರಿ?"

"ನಮ್ಮ ತಿಪ್ಪಿ ಚಿಂತಿ ನಿನಗ್ಯಾಕವ್ವಾ? ಫೋಟೋ ತೆಗದೋರ್ನ ಕೇಳ್ಹೋಗು," ಎಂದೆ.

ಅವಳು ಮತ್ತೆ ಕೇಳಲಿಲ್ಲ. ನಾನು ದಿನವೂ ಅವಳಿಗೆ ಕಾಣುವಂತೆಯೇ ಸೆಗಣಿಯನ್ನು ತಿಪ್ಪೆಗೆ ಸುರಿದೆ.

ದಾಸೋಹದ ದಿನ ಹುಗ್ಗಿ ಅರ್ಧ ಬೇಯುವಷ್ಟರಲ್ಲಿ ನೀಲಿ ಉರಿ ಕುಗ್ಗಿ ಆರಿತು. ಜಂಗಮರು ಎಲೆಯ ಮುಂದೆ ಕಾದು ಕುಳಿತರು. ಅವರು ಉಣ್ಣದೆ ಉಳಿದವರು ಉಣ್ಣುವಂತಿಲ್ಲ. ಉಮಾಶ್ರೀಯ ಗಂಡ ಬಸವಕುಮಾರ ಎಲ್ಲಿಂದಲೋ ಸಿಲಿಂಡರ್ ತರಲು ಓಡಿದ.

"ಕಸ್ತೂರಿಬಾಯಿ ಇದ್ದಿದ್ರ ಹಿಂಗಾಗ್ತಿತ್ತೇನು?" ಎಂದರು ನಮ್ಮಲ್ಲಿ ಹಿರಿಯರಾದ ಲತಾಬಾಯಿ.

ತಿಂಗಳಿಂದ ನಾನು ಈ ಮಾತಿಗೇ ಕಾದಿದ್ದೆ.

ಉಮಾಶ್ರೀ ಸೌಟು ಹಿಡಿದುಕೊಂಡೇ, "ಖರೇ ಅದರಿ ಅತ್ತಿ. ನನ್ನ ಅಂದಾಜು ತಪ್ಪಿತು," ಎಂದಳು. ನನ್ನ ಕಡೆ ನೋಡಲಿಲ್ಲ, ನನ್ನ ಹೆಸರನ್ನೂ ಎತ್ತಲಿಲ್ಲ.

ಸಿಲಿಂಡರ್ ಬಂದು, ಹುಗ್ಗಿ ಬೆಂದು ಎಲೆಗೆ ಬೀಳುವಾಗ ಹೊತ್ತು ಇಳಿದಿತ್ತು. ಶಿವನ ದಾಸೋಹಕ್ಕೆ ಅಡ್ಡ ನಿಂತವನು ನಾನು. ಅದೂ ಹಸಿದು ಬಂದವರನ್ನು ಒಂದು ದಿನವೂ ಕಾಯಿಸದವಳ ಹೆಸರಿನಲ್ಲಿ.

ಮರುದಿನ ಪೂಜೆ ಮುಗಿಸಿ ಸೆಗಣಿಯ ಬುಟ್ಟಿ ಹೊತ್ತು ಉಮಾಶ್ರೀಯ ಹಿತ್ತಿಲಿಗೆ ಹೋದೆ.

"ಅಯ್ಯ, ನೀವ್ಯಾಕ ತಂದ್ರಿ ಕಾಕಾ? ಕರದಿದ್ರ ನಾನೇ ಬರ್ತಿದ್ದೆ."

"ಎಲ್ಲಿ ಹಾಕ್ಬೇಕು, ಅದನ್ನ ಹೇಳು."

ನೀರು ಬೆರೆಸಿ ಗಂಟಿಲ್ಲದಂತೆ ಕಲಸಬೇಕೆಂದು ಅವಳು ತೋರಿಸಿದಳು. ಕಲಸಿ ತೊಟ್ಟಿಗೆ ಬಿಟ್ಟೆ. ಒಳಗೆ ಅವಳ ಒಲೆಯ ಮೇಲೆ ಹಾಲು ಉಕ್ಕಿದ ಸದ್ದು ಕೇಳಿ, ಇಂಥ ಹೊಗೆಯಿಲ್ಲದ ಒಲೆ ಕಸ್ತೂರಿಬಾಯಿಗೆ ಸಿಗಲಿಲ್ಲವಲ್ಲ ಎಂದು ಮತ್ತೆ ಹೊಟ್ಟೆಕಿಚ್ಚಾಯಿತು. ಆದರೂ ಸಂಜೆಯ ಸೆಗಣಿಯನ್ನೂ ಅಲ್ಲಿಗೇ ಒಯ್ದೆ.